ಬಸುರಿ ಪಾಲಿನ ಬಾಳೆಮೀನು

ಮೀನಿನೊಳಗೆ ಸೇರಿದ ಪಾದರಸ ತೊಳೆದರೆ ಹೋಗುವುದಿಲ್ಲ. ಬೇಯಿಸಿದರೆ ಹೋಗುವುದಿಲ್ಲ. ಹುಣಸೆಹುಳಿ ಹಿಂಡಿ, ಉಪ್ಪು ಖಾರ ತಿಕ್ಕಿ, ಎಣ್ಣೆಯಲ್ಲಿ ಕೆಂಪಗೆ ಕರಿದರೂ ಹೋಗುವುದಿಲ್ಲ. ಹೊಳೆಗೆ ಬಿದ್ದದ್ದು ಕೆಸರಿಗೆ ಇಳಿಯುತ್ತದೆ. ಕೆಸರಿನಲ್ಲಿರುವ ಹುಳು ಅದನ್ನು ತಿನ್ನುತ್ತದೆ, ಹುಳುವನ್ನು ಸಣ್ಣ ಮೀನು ತಿನ್ನುತ್ತದೆ, ಸಣ್ಣ ಮೀನನ್ನು ದೊಡ್ಡ ಮೀನು. ಒಂದೊಂದು ಬಾಯಿ ದಾಟಿದಾಗಲೂ ವಿಷ ತೆಳ್ಳಗಾಗುವುದಿಲ್ಲ, ದಪ್ಪಗಾಗುತ್ತದೆ. ಕೊನೆಯ ಬಾಯಿ ನಮ್ಮದು. ಜಗತ್ತಿಗೆ ಇದು ಗೊತ್ತಾಗಿ ಎಷ್ಟೋ ವರ್ಷಗಳಾದವು. ಓದಿದವರೆಲ್ಲರಿಗೂ ಗೊತ್ತಿರಬೇಕಾದ ಮಾತು. ಆದರೆ ಗೊತ್ತಿರುವುದು ಬೇರೆ, ಹೊಳೆಯ ದಂಡೆಗೆ ಹೋಗಿ ಹೇಳುವುದು ಬೇರೆ.

ತುಳಜಾಬಾಯಿಗೆ ಯಾರೂ ಹೇಳಿರಲಿಲ್ಲ.

ಅವಳು ಹುಟ್ಟಿದ್ದು ಮಾದನಹಿಪ್ಪರಗಾದ ಒಣ ನೆಲದಲ್ಲಿ. ಬಾವಿಯ ತಳದಲ್ಲಿ ಕಾಣುವಷ್ಟು ನೀರನ್ನೇ ನೀರು ಎಂದು ತಿಳಿದಿದ್ದವಳನ್ನು ತಂದು ಭೀಮಾ ಹೊಳೆಯ ದಂಡೆಗೆ ಕೊಟ್ಟರು. ಸೊನ್ನದಿಂದ ಕೆಳಗೆ ಹೊಳೆ ಬಿಲ್ಲಿನಂತೆ ಬಾಗುವ ಕಡೆ ಒಂದು ಮಡುವಿದೆ. ಬೇಸಗೆಯಲ್ಲಿ ಹೊಳೆ ಹರಿಯುವುದನ್ನು ಬಿಟ್ಟು ಉಸುಕೆಲ್ಲ ಬಿಳುಚಿಕೊಂಡಾಗಲೂ ಆ ಮಡು ಬತ್ತುವುದಿಲ್ಲ. ಅದರ ದಂಡೆಯ ಮೇಲೆ ಅಂಬಿಗರ ಓಣಿ. ಅವಳ ಗಂಡ ಹಣಮಂತ ಆ ಮಡುವಿನಲ್ಲಿ ಬಲೆ ಬೀಸುವವನು. ಮಾತು ಬಹಳ ಕಡಿಮೆ. ಅವನ ಪಾಲಿನ ಮಾತನ್ನೂ ತುಳಜಾಬಾಯಿಯೇ ಆಡುತ್ತಿದ್ದಳು. ಮದುವೆಯಾದ ಹೊಸದರಲ್ಲಿ ಮೀನು ಮುಟ್ಟಲು ಹೇಸುತ್ತಿದ್ದವಳು, ಮಗಳು ಸುಭದ್ರಾ ಹುಟ್ಟುವ ಹೊತ್ತಿಗೆ ಅಫಜಲಪುರದ ಸಂತೆಯಲ್ಲಿ ಕೂತು ಮೀನು ಮಾರುವುದರಲ್ಲಿ ಎತ್ತಿದ ಕೈಯಾಗಿದ್ದಳು.

ಬುಟ್ಟಿಯ ಮೇಲೆ ಹಸಿ ಹುಲ್ಲು ಹೊದಿಸಿ, ಅದನ್ನು ಬಸ್ಸಿನ ಮೇಲಕ್ಕೆ ಏರಿಸಿ ಹೋಗಬೇಕು. ಒಳಗೆ ತಂದರೆ ನಾರುತ್ತದೆ ಎಂದು ಕಂಡಕ್ಟರನ ತಕರಾರು.

"ನಾರೂದು ಮೀನಲ್ಲೋ ಮಾರಾಯಾ, ನಿನ್ನ ಬಸ್ಸು. ಖಾಲಿ ಇದ್ದಾಗೂ ನಾರ್ತದ," ಎನ್ನುತ್ತಿದ್ದಳು. ಬಸ್ಸಿನ ಮಂದಿಯೆಲ್ಲ ನಗುತ್ತಿದ್ದರು. ಬುಟ್ಟಿ ಮಾತ್ರ ಮೇಲೆಯೇ ಹೋಗುತ್ತಿತ್ತು.

ಸಂತೆಯಲ್ಲಿ ಅವಳ ಪಕ್ಕದ ಜಾಗ ಫಕ್ರುನ್ನಿಸಾಳದು. ಉಳ್ಳಾಗಡ್ಡಿ, ಬೆಳ್ಳುಳ್ಳಿ ಮಾರುವ ಹೆಂಗಸು. ಇಬ್ಬರಿಗೂ ಒಬ್ಬರನ್ನೊಬ್ಬರು ಕೆಣಕದೆ ಬೋಣಿಯಾಗುತ್ತಿರಲಿಲ್ಲ.

"ಏನ ತುಳಜಕ್ಕಾ, ಇವತ್ತ ಮೀನ ಜರಾ ಮಂಕ ಕಾಣಸ್ತಾವ. ಮೊನ್ನಿ ಸತ್ತಾವೇನು?"

"ನಿನ್ನ ಉಳ್ಳಾಗಡ್ಡಿ ಘಾಟಿಗಿ ಮೂರ್ಛಿ ಬಿದ್ದಾವ ಬೇ. ಅತ್ತ ಸರಿ, ಎದ್ದು ಕುಂದರ್ತಾವ."

ಆ ಓಣಿಯಲ್ಲಿ ಒಂದು ಪದ್ಧತಿಯಿತ್ತು. ಈಗಲೂ ಇದೆ. ಓಣಿಯ ಯಾವ ಮನೆಯಲ್ಲಾದರೂ ಬಸುರಿ ಇದ್ದರೆ, ಯಾರ ಬಲೆಗೇ ಬೀಳಲಿ, ಅಂದಿನ ಎಲ್ಲಕ್ಕಿಂತ ದೊಡ್ಡ ಬಾಳೆಮೀನು ಸಂತೆಗೆ ಹೋಗುವಂತಿಲ್ಲ. ಅದು ಬಸುರಿ ಪಾಲು. ಬಾಳೆಮೀನೆಂದರೆ ಅಗಲ ಬಾಯಿಯ, ಉದ್ದ ಮೀಸೆಯ, ಬೇರೆ ಮೀನುಗಳನ್ನೇ ತಿಂದು ಬೆಳೆಯುವ ಮೀನು. ಅದನ್ನು ಮುತ್ತಲ ಎಲೆಯ ಮೇಲಿಟ್ಟು, ಅರಿಶಿನ ಹಚ್ಚಿ, ಬಸುರಿಯ ಮನೆಯ ಹೊಸ್ತಿಲಿಗೆ ತಂದಿಡಬೇಕು. ಅವಳು ಸೆರಗೊಡ್ಡಿ ತೆಗೆದುಕೊಳ್ಳಬೇಕು. ಬೇರೆಯವರು ತಿನ್ನುವಂತಿಲ್ಲ. ದಿನವಿಡೀ ನೀರಿನಲ್ಲಿ ನಿಂತು ರಾತ್ರಿ ನುಚ್ಚು ಕುಡಿದು ಮಲಗುವ ಮಂದಿ, ಹುಟ್ಟದ ಕೂಸಿಗೆಂದು ತಮ್ಮ ದೊಡ್ಡ ಮೀನು ಎತ್ತಿಡುತ್ತಿದ್ದರು. ಇಷ್ಟು ಒಳ್ಳೆಯ ಪದ್ಧತಿ ನಮ್ಮ ದೊಡ್ಡ ಮನೆಗಳಲ್ಲಿ ಎಷ್ಟಿವೆ, ಹುಡುಕಿ ನೋಡಬೇಕು.

ಇನ್ನು ಊರಿನ ದೊಡ್ಡ ಜಮೀನಿನ ದೌಲತರಾಯ ಸಾವಕಾರ. ಅವರು ಕೆಟ್ಟ ಮನುಷ್ಯರಲ್ಲ. ಕೆಟ್ಟವರಾಗಿದ್ದರೆ ಈ ಕತೆ ಹೇಳುವುದು ಹಗುರಾಗುತ್ತಿತ್ತು. ಲಿಂಗಪೂಜೆಯಾಗದೆ ನೀರು ಮುಟ್ಟದವರು. ತಟ್ಟೆಯಲ್ಲಿ ಅಗುಳು ಬಿಟ್ಟರೆ ಮೊಮ್ಮಕ್ಕಳನ್ನು ಗದರಿಸುವವರು. ಎಪ್ಪತ್ತರ ದಶಕದ ಕೊನೆಯ ವರ್ಷಗಳಲ್ಲಿ ಜೋಳಕ್ಕೆ ಕಾಡಿಗೆ ರೋಗ ಬರಬಾರದೆಂದು ಪುಡಿ ಹಚ್ಚಿದ ಬೀಜ ತರಿಸತೊಡಗಿದರು. ಗುಲಾಬಿ ಬಣ್ಣದ ಜೋಳ, ನೋಡಲು ಮದುವೆಮನೆಯ ಅಕ್ಷತೆಯಂತೆ. ಆ ಪುಡಿಯಲ್ಲಿ ಪಾದರಸವಿತ್ತು. ಚೀಲದ ಮೇಲೆ ತಲೆಬುರುಡೆಯ ಚಿತ್ರವಿತ್ತು.

ಮಳೆ ಕೈಕೊಟ್ಟ ವರ್ಷ ಬಿತ್ತದೆ ಉಳಿದ ಬೀಜದಲ್ಲಿ ಒಂದಿಷ್ಟನ್ನು ಆಳುಮಗ ಅಂಗಳದಲ್ಲಿ ಚೆಲ್ಲಿದ. ಕೋಳಿಗಳು ತಿಂದವು, ಸಂಜೆಗೆ ಸತ್ತವು. ಸಾವಕಾರರು ಚೀಲಗಳನ್ನು ಬಂಡಿಯಲ್ಲಿ ಹೇರಿ ಬೀಜದ ಅಂಗಡಿಗೆ ವಾಪಸು ಕಳಿಸಿದರು. ಮಾರಿದ್ದು ಮುಗಿಯಿತು, ನಮಗೇನು ಸಂಬಂಧ ಎಂದು ಅಂಗಡಿಯವನು ಬಂಡಿಯನ್ನು ಹಾಗೇ ತಿರುಗಿಸಿದ. ಏನು ಮಾಡಬೇಕು? ಸುಡಬೇಕೆ? ಅನ್ನ ಸುಟ್ಟವರುಂಟೆ? ಹೂಳಿ ಮೇಲೆ ತುಳಿದಾಡಬೇಕೆ? ಕೊನೆಗೆ ಹಿರಿಯರು ಮಾಡುತ್ತಿದ್ದದ್ದನ್ನೇ ಅವರೂ ಮಾಡಿದರು. ಉಣ್ಣಲಾಗದ ಅನ್ನವನ್ನು ಗಂಗವ್ವನಿಗೆ ಬಿಡಬೇಕು, ಜಲಚರ ತಿಂದರೆ ಪುಣ್ಯ.

ಬಂಡಿ ಮಡುವಿನ ದಂಡೆಗೆ ಬಂದಾಗ ತುಳಜಾಬಾಯಿ ಅಲ್ಲಿ ಬುಟ್ಟಿ ತೊಳೆಯುತ್ತಿದ್ದಳು.

"ಏನ್ರಿ ಸಾವಕಾರ್ರ, ಹೊಲಾ ಬಿಟ್ಟು ಹೊಳ್ಯಾಗ ಬಿತ್ತಾಕ ಬಂದೀರೇನು?"

"ಹಂಗೇ ತಿಳಕೋ ತುಳಜವ್ವಾ. ಚೀಲದ ಮ್ಯಾಲ ಬರದಾರ ನೋಡು. ಮನಶ್ಯಾರು ತಿನಬಾರದು, ದನಾ ತಿನಬಾರದು, ಕೋಳಿ ತಿನಬಾರದು."

"ಮೀನ?"

ಸಾವಕಾರರು ಕನ್ನಡಕ ಏರಿಸಿ ಮತ್ತೊಮ್ಮೆ ನೋಡಿದರು. "ಮೀನಿನ ಹೆಸರು ಬರದಿಲ್ಲವಾ."

ಇಬ್ಬರೂ ನಕ್ಕರು. ಚೀಲದ ಬಾಯಿ ಬಿಚ್ಚಿ, ಮೊದಲ ಹಿಡಿಗೆ ಕುಂಕುಮ ಹಚ್ಚಿ, ಕೈಮುಗಿದು ಸುರಿದರು. ದಂಡೆಯ ನೀರು ಹೊತ್ತು ಮುಳುಗುವ ಆಕಾಶದ ಹಾಗೆ ಕೆಂಪಾಯಿತು, ಆಮೇಲೆ ತಿಳಿಯಾಯಿತು. ತಿಳಿಯಾದ ನೀರನ್ನು ಯಾರು ಅನುಮಾನಿಸುತ್ತಾರೆ?

ಅಂದಿನಿಂದ ವರ್ಷವರ್ಷವೂ ಬಿತ್ತನೆ ಮುಗಿದ ಮೇಲೆ ಬಂಡಿ ಬರುತ್ತಿತ್ತು. ಅವರನ್ನು ನೋಡಿ ಬೇರೆ ಹೊಲದವರೂ ತಮ್ಮ ತಮ್ಮ ಉಳಿಕೆ ತಂದರು. ಪುಣ್ಯದ ಕೆಲಸಕ್ಕೆ ಪೈಪೋಟಿಯೂ ನಡೆಯಿತು. ಆ ದಂಡೆಗೆ ಸಣ್ಣ ಮೀನು ಕಿಕ್ಕಿರಿದು ಬರತೊಡಗಿದವು; ಸಣ್ಣ ಮೀನಿನ ಬೆನ್ನು ಹತ್ತಿ ಬಾಳೆಮೀನು ಬಂದವು. ಹಣಮಂತ ತನ್ನ ಬಲೆಯನ್ನು ಅಲ್ಲಿಗೇ ಹಾಕಿದ. ಓಣಿಯೆಲ್ಲ ಅವನ ಹಿಂದೆ ಬಂತು. ಮಡುವಿನಲ್ಲಿ ಒಂದು ಮೀನೂ ಸತ್ತು ತೇಲಲಿಲ್ಲ. ಅದೇ ಮೋಸ. ಸತ್ತಿದ್ದರೆ ಜನ ಹೆದರುತ್ತಿದ್ದರು. ಅವು ದುಂಡಗೆ, ಹೊಳೆಹೊಳೆಯುತ್ತಾ ಬೆಳೆದವು.

ಸುಭದ್ರಾಳನ್ನು ಅಂದೋಲಾಕ್ಕೆ ಮದುವೆ ಮಾಡಿಕೊಟ್ಟಿದ್ದರು. ಎಂಬತ್ನಾಲ್ಕರಲ್ಲಿ ಅವಳು ಚೊಚ್ಚಲ ಬಸುರಿಯಾಗಿ ತವರಿಗೆ ಬಂದಳು. ಹೊಳೆಯಿಲ್ಲದ ಊರಿನಲ್ಲಿ ಮೀನಿಗಾಗಿ ಬಾಯಿ ಬಿಟ್ಟಿದ್ದ ಹುಡುಗಿ. ಓಣಿಯವರು ಹೊಸ್ತಿಲಿಗೆ ತಂದಿಟ್ಟ ಪಾಲಿಗೆ ಲೆಕ್ಕವಿಲ್ಲ. ತುಳಜಾಬಾಯಿ ಹುಣಸೆಹಣ್ಣು, ಬೆಳ್ಳುಳ್ಳಿ, ಒಣಖಾರ ಅರೆದು ಸಾರು ಮಾಡಿ, ಬಿಸಿ ಜೋಳದ ರೊಟ್ಟಿ ಮುರಿದು ನೆನೆಸಿ, ಮುಳ್ಳು ತೆಗೆದು ತಾನೇ ತುತ್ತು ಮಾಡಿ ಇಡುತ್ತಿದ್ದಳು. ತಾನು ಮಾತ್ರ ಸಂತೆಯಲ್ಲಿ ಮಾರದೆ ಉಳಿದ ಬೆರಳುದ್ದದ ಪುಡಿಮೀನು ತಿನ್ನುತ್ತಿದ್ದಳು.

"ಸಾಕ ಯವ್ವಾ, ಹೊಟ್ಟಿ ಒಡೀತದ."

"ತಿನ್ನ ಮಗಾ. ನಿನಗಲ್ಲ, ಒಳಗಿನ ಸಾವಕಾರಗ."

ಒಳಗಿನ ಸಾವಕಾರ ಹುಟ್ಟಿದ. ಅತ್ತ. ಮೊಲೆ ಕುಡಿದ. ಯಲ್ಲಾಲಿಂಗ ಎಂದು ಹೆಸರಿಟ್ಟರು. ಬಣ್ಣ, ಮೂಗು, ಕಿವಿ ಎಲ್ಲ ಚೆಂದ. ಕುತ್ತಿಗೆ ಮಾತ್ರ ನಿಲ್ಲಲಿಲ್ಲ. ಬೇರೆ ಕೂಸುಗಳು ಮಗುಚಿ ಬೀಳುವ ಕಾಲಕ್ಕೆ ಇವನು ಕಟ್ಟಿಗೆಯ ಹಾಗೆ ಸೆಟೆದುಕೊಳ್ಳುತ್ತಿದ್ದ. ದೀಪ ತಂದು ಮುಂದೆ ಹಿಡಿದರೆ ಕಣ್ಣು ಅತ್ತ ತಿರುಗುತ್ತಿರಲಿಲ್ಲ. ಗ್ರಹಣ ಬಡಿದಿದೆ ಎಂದರು. ಬೀಗರು, ತವರಿನಲ್ಲಿ ಬಾಣಂತನ ಸರಿ ಮಾಡಲಿಲ್ಲ ಎಂದರು. ಹರಕೆ, ತಾಯಿತ, ದರ್ಗಾದ ನೂಲು, ಮಠದ ವಿಭೂತಿ ಎಲ್ಲ ಆಯಿತು. ಫಕ್ರುನ್ನಿಸಾ ತಾನೇ ಕರೆದುಕೊಂಡು ಹೋಗಿ ದರ್ಗಾದಲ್ಲಿ ಕೂಸನ್ನು ಮಲಗಿಸಿ ಅತ್ತಳು. ಕೂಸು ಮಾತ್ರ ಎಲ್ಲಿ ಇಟ್ಟರೆ ಅಲ್ಲಿ, ಹೇಗೆ ಇಟ್ಟರೆ ಹಾಗೆ.

ಕೊನೆಗೆ ಗುಲಬರ್ಗಾದ ದವಾಖಾನೆ. ಹಗಲೆಲ್ಲ ಪಾಳಿ ಕಾಯ್ದು, ಸಂಜೆ ಬಸ್ಸು ತಪ್ಪಿ, ಬಸ್ ಸ್ಟ್ಯಾಂಡಿನ ಕಲ್ಲಿನ ಮೇಲೆ ಕೂಸನ್ನು ತೊಡೆಯ ಮೇಲಿಟ್ಟುಕೊಂಡು ಕೂಡುವುದು. ಹೋದಾಗಲೆಲ್ಲ ಟಾನಿಕ್ಕು ಬರೆದು ಕೊಡುತ್ತಿದ್ದರು. ಹೀಗೇ ಒಮ್ಮೆ ಹೋದಾಗ ಹೊಸದಾಗಿ ಬಂದಿದ್ದ ಒಬ್ಬ ಡಾಕ್ಟರಮ್ಮ ಸಿಕ್ಕರು. ಆಕೆ ಕೂಸಿನ ಕೈಕಾಲು ಮಡಚಿ ನೋಡಿ, ತಲೆ ಎತ್ತದೆ ಕೇಳಿದರು:

"ಹೊಟ್ಟೇಲಿದ್ದಾಗ ಮಗಳಿಗೆ ಊಟಕ್ಕೆ ಏನು ಕೊಡ್ತಿದ್ರಿ?"

ತುಳಜಾಬಾಯಿಗೆ ಹೆಮ್ಮೆಯೇ ಆಯಿತು. "ಅದರಾಗೇನೂ ಕಮ್ಮಿ ಮಾಡಿಲ್ರಿ ಅಮ್ಮಾರ. ದಿನಾ ಬಾಳೆಮೀನ. ಅದೂ ಮಡುವಿನ ಮೀನ, ಸಾವಕಾರ್ರ ಜೋಳಾ ತಿಂದು ಬೆಳೆದದ್ದು."

"ಯಾವ ಜೋಳ?"

ಅವಳು ಹೇಳಿದಳು. ಗುಲಾಬಿ ಬಣ್ಣ, ತಲೆಬುರುಡೆ, ಕೋಳಿ, ಕುಂಕುಮ. ಡಾಕ್ಟರಮ್ಮ ಬರೆಯುವುದನ್ನು ನಿಲ್ಲಿಸಿದರು. ಜ್ವರ ನೋಡುವ ಕಡ್ಡಿಯನ್ನು ಎತ್ತಿ ಅದರೊಳಗಿನ ಬೆಳ್ಳಿಗೆರೆ ತೋರಿಸಿದರು.

"ಇದು ಏನು ಗೊತ್ತಾ?"

"ಪಾರಾ ಅಲ್ರಿ?"

"ಹೌದು, ಪಾದರಸ. ಆ ಬೀಜಕ್ಕೆ ಹಚ್ಚೋ ಪುಡಿಯಲ್ಲಿ ಇದೇ ಇರುತ್ತೆ. ಕೆಸರಿಗೆ ಹೋಗಿ ಬೇರೆ ರೂಪ ಆಗುತ್ತೆ, ಮೀನಿನ ಮಾಂಸದಲ್ಲಿ ಕೂತ್ಕೊಳ್ಳುತ್ತೆ. ಬೇರೆ ಮೀನು ತಿನ್ನೋ ದೊಡ್ಡ ಮೀನಿನಲ್ಲಿ ಎಲ್ಲಕ್ಕಿಂತ ಹೆಚ್ಚು. ತಾಯಿಗೆ ಏನೂ ಆಗದೆ ಇರಬಹುದು. ಹೊಟ್ಟೆಯಲ್ಲಿರೋ ಕೂಸಿನ ಮೆದುಳಿಗೆ ತಾಗುತ್ತೆ." ಆಮೇಲೆ ದನಿ ತಗ್ಗಿಸಿದರು. "ಇದರಿಂದಲೇ ಹೀಗಾಗಿದೆ ಅಂತ ನಾನು ಹೇಳಲಾರೆ. ಪರೀಕ್ಷೆ ಮಾಡೋ ಯಂತ್ರ ಇಲ್ಲಿಲ್ಲ. ಆದರೆ ಮುಂದಿನ ಸಲ ಆ ಮಡುವಿನ ಮೀನು ಕೊಡಬೇಡಿ. ದೊಡ್ಡದಂತೂ ಬೇಡವೇ ಬೇಡ."

"ಅಂದ್ರ ನಾನೇ ತಿನ್ನಿಸಿದ್ನೇನ್ರಿ?"

"ನಿಮಗೆ ಗೊತ್ತಿರಲಿಲ್ಲ."

"ಗೊತ್ತಿದ್ದವರು ಯಾರ್ರಿ ಹಂಗಾದ್ರ?"

ಡಾಕ್ಟರಮ್ಮ ಕಡ್ಡಿಯನ್ನು ತಿರುಗಿ ಡಬ್ಬಿಗೆ ಹಾಕಿದರು. ಕೆಲವೇ ದಿನಗಳಲ್ಲಿ ಆಕೆಗೆ ವರ್ಗವಾಯಿತು. ತುಳಜಾಬಾಯಿಯ ಪ್ರಶ್ನೆಗೆ ವರ್ಗವಿಲ್ಲ, ಅದು ಇನ್ನೂ ಅಲ್ಲೇ ಇದೆ.

ಅಲ್ಲಿಂದ ಬಂದವಳು ನೆಟ್ಟಗೆ ದೌಲತರಾಯ ಸಾವಕಾರರ ಕಟ್ಟೆಗೆ ಹೋದಳು. ಬೈಯಲೆಂದೇ ಹೋಗಿದ್ದಳು. ಹೇಳಿದ್ದನ್ನೆಲ್ಲ ಆ ಮುದುಕರು ಕೊನೆಯವರೆಗೂ ಕೇಳಿಸಿಕೊಂಡರು. ಕೊರಳಲ್ಲಿದ್ದ ಲಿಂಗದ ಕರಡಿಗೆಯನ್ನು ಕೈಯಲ್ಲಿ ಹಿಡಿದುಕೊಂಡಿದ್ದರು.

"ನಾ ಪುಣ್ಯಾ ಅಂತ ಬಿಟ್ಟೆ ತುಳಜವ್ವಾ."

"ನಾನೂ ಪ್ರೀತಿ ಅಂತ ತಿನ್ನಿಸೇನ್ರಿ."

"ಇನ್ನ ಬಿಡೂದಿಲ್ಲ. ಲಿಂಗದ ಮ್ಯಾಲ ಕೈ ಇಟ್ಟು ಹೇಳ್ತೇನಿ. ಆದ್ರ ಒಂದು ಹೇಳು. ಮನ್ಯಾಗ ಇನ್ನೂ ಚೀಲ ಅದಾವ. ಸುಟ್ರ ಹೊಗಿ ಯಾರ ಮನಿಗಿ ಹೋಗ್ತದ? ಹೂಳಿದ್ರ ಬಾವಿ ಮಗ್ಗಲಕ್ಕೇ ಅದ. ಎಲ್ಲಿ ಇಡ್ಲಿ? ನೀನೇ ಹೇಳು, ಎಲ್ಲಿ ಇಡ್ಲಿ?"

ಬೈಯಲು ಹೋದವಳು ನೀರು ಕುಡಿದು ಎದ್ದು ಬಂದಳು. ಸಾವಕಾರರು ಮಾತಿಗೆ ತಪ್ಪಲಿಲ್ಲ. ಅವರ ಬಂಡಿ ನಿಂತಿತು. ಉಳಿದವರ ಬಂಡಿ ನಿಲ್ಲಲಿಲ್ಲ. ನಿಂತಿದ್ದರೂ ಅಷ್ಟು ವರ್ಷಗಳ ಕೆಸರು ಮಡುವಿನ ತಳದಲ್ಲಿ ಹಾಗೇ ಕೂತಿತ್ತು.

ಯಾರೋ ಹೇಳಿದರು, ಮೀನಿಗೂ ಒಂದು ಸರ್ಕಾರಿ ಕಚೇರಿಯಿದೆ, ಅಲ್ಲಿಗೆ ಒಯ್ದು ತೋರಿಸು ಎಂದು. ಒಂದು ಬಾಳೆಮೀನನ್ನು ಬರ್ಫಿನಲ್ಲಿಟ್ಟು, ಕಟ್ಟಿಗೆ ಹೊಟ್ಟು ಸುರಿದು, ಗೋಣಿ ಸುತ್ತಿ ಹೊರಟಳು. ಬಸ್ಸು ದಾರಿಯಲ್ಲಿ ಕೆಟ್ಟು ನಿಂತಿತು. ಬರ್ಫು ಕರಗಿ ಬಸ್ಸಿನ ಗಾಜಿನ ಮೇಲೆಲ್ಲ ಸೋರಿತು. ಈ ಸಲ ಕಂಡಕ್ಟರನಿಗೆ ಅವಳು ಎದುರು ಮಾತಾಡಲಿಲ್ಲ. ಕಚೇರಿ ಮುಟ್ಟುವ ಹೊತ್ತಿಗೆ ಮೀನು ತನ್ನ ಸುದ್ದಿ ತಾನೇ ಹೇಳುತ್ತಿತ್ತು. ಸಾಹೇಬರು ಕರವಸ್ತ್ರವನ್ನು ಮೂಗಿಗೆ ಒತ್ತಿಕೊಂಡರು.

"ಏನಮ್ಮ ಇದು?"

"ಇದರೊಳಗ ಪಾರಾ ಅದ ಅಂತ್ರಿ ಸಾಹೇಬ್ರ. ಪರೀಕ್ಷಾ ಮಾಡ್ರಿ."

"ಹೊಳೆಯಲ್ಲಿ ಮೀನು ಸತ್ತು ತೇಲಿದೆಯಾ?"

"ಇಲ್ರಿ. ಗುಂಡಕಲ್ಲಿನಂಗ ಅದಾವ."

"ಮತ್ತೆ? ಮೀನೇ ಆರಾಮಾಗಿದೆ, ನಿನಗೇನಮ್ಮ ತೊಂದರೆ?"

ಇದು ಪರೀಕ್ಷೆ ಪಾಸಾಗಿ ಕುರ್ಚಿಯಲ್ಲಿ ಕೂತವರ ವಿದ್ಯೆ. ಕುಡಿದು ತೂರಾಡುವವನು ನೆಲಕ್ಕೆ ಬೀಳುವವರೆಗೂ ಹೆಂಡದಲ್ಲಿ ಮತ್ತಿಲ್ಲ ಎನ್ನುವ ಹಾಗೆ. ಪರೀಕ್ಷೆ ಮಾಡುವ ಯಂತ್ರ ಬೆಂಗಳೂರಿನಲ್ಲಿದೆ, ಕೊಳೆತದ್ದನ್ನು ಅಲ್ಲಿಗೆ ಕಳಿಸಲಾಗದು, ಕೊಳೆಯದ್ದನ್ನು ತಾ ಎಂದರು. ಕೊಳೆಯದಂತೆ ಹೇಗೆ ತರಬೇಕು ಎಂದು ಕೇಳಿದರೆ, ಅದು ಅವರ ಕೆಲಸವಲ್ಲವಂತೆ. ಜವಾನ ಗೋಣಿಯನ್ನು ಎತ್ತಿ ಕಾಂಪೌಂಡಿನ ಆಚೆ ಎಸೆದ. ತುಳಜಾಬಾಯಿ ಹೊರಗೆ ಬಂದಾಗ ಒಂದು ಬೀದಿನಾಯಿ ಆ ಗೋಣಿಗೆ ಬಾಯಿ ಹಾಕುತ್ತಿತ್ತು. ಅದರ ಹೊಟ್ಟೆ ತುಂಬಿ ಜೋತುಬಿದ್ದಿತ್ತು, ಗಬ್ಬವಾಗಿತ್ತು.

ಅವಳು ಕಲ್ಲು ತೆಗೆದುಕೊಂಡು ನಾಯಿಯನ್ನು ಓಡಿಸಿದಳು. ಅದು ಹೋಗಿ ಮತ್ತೆ ಬಂತು. ಮತ್ತೆ ಓಡಿಸಿದಳು. ಕೊನೆಗೆ ಮೀನನ್ನು ತೆಗೆದು ರಸ್ತೆಯ ಬದಿಯಲ್ಲಿ ಕೈಯಿಂದಲೇ ಮಣ್ಣು ಕೆದರಿ ಮುಚ್ಚಿ, ಮೇಲೆ ಬಂಡೆ ಎಳೆದಿಟ್ಟು, ಅಲ್ಲೇ ಕೂತಳು. ಹೋಗಿಬರುವವರು ಹುಚ್ಚಿ ಎಂದುಕೊಂಡಿರಬಹುದು. ಆ ಊರಿನಲ್ಲಿ ಅಂದು ಸಾರ್ವಜನಿಕ ಆರೋಗ್ಯದ ಕೆಲಸ ಮಾಡಿದವಳು ಅವಳೊಬ್ಬಳೇ.

ಎಂಬತ್ತೆಂಟರಲ್ಲಿ ಸುಭದ್ರಾ ಮತ್ತೆ ಬಸುರಿಯಾದಳು. ಬೀಗರು ಬಾಯಿಬಿಟ್ಟೇ ಹೇಳಿದ್ದರು: ಇನ್ನೊಂದು ಇಂಥದೇ ಹುಟ್ಟಿದರೆ ನಿಮ್ಮ ಮಗಳನ್ನು ನೀವೇ ಇಟ್ಟುಕೊಳ್ಳಿರಿ. ಸುಭದ್ರಾ ಏಳು ತಿಂಗಳ ಹೊಟ್ಟೆ ಹೊತ್ತು, ಕಂಕುಳಲ್ಲಿ ನಾಲ್ಕು ವರ್ಷದ ಯಲ್ಲಾಲಿಂಗನನ್ನು ಎತ್ತಿಕೊಂಡು ಬಸ್ಸಿನಿಂದ ಇಳಿದಳು. ಅವನ ತಲೆ ಅವಳ ತೋಳಿನ ಮೇಲೆ ಅತ್ತಿತ್ತ ಹೊರಳುತ್ತಿತ್ತು. ತುಳಜಾಬಾಯಿ ಬೇಳೆ, ಹೆಸರು, ಪುಂಡಿಪಲ್ಯ, ಶೇಂಗಾ ಎಲ್ಲ ಮೊದಲೇ ತಂದಿಟ್ಟಿದ್ದಳು. ಮೀನಿನ ಮಡಕೆಯನ್ನು ಬೋರಲು ಹಾಕಿದ್ದಳು.

"ಯವ್ವಾ, ಒಂದ ತುಣುಕ," ಸುಭದ್ರಾ ಅಂಗಲಾಚಿದಳು. "ಬರೇ ಸಾರ ಹಾಕು. ವಾಸನಿ ಬಂದ್ರ ಬಾಯಾಗ ನೀರ ಬರ್ತಾವ."

"ಸುಮ್ಮ ಕುಂದರ ಬೇ. ಬಾಯಿ ಚಪಲಾ ನಾಕ ದಿನ. ಇವನ್ನ ನೋಡು, ಇವಂದು ಜನ್ಮಪೂರ್ತಿ."

ಹಣಮಂತ ಬಾಗಿಲಲ್ಲಿ ಬಲೆ ಹೆಣೆಯುತ್ತಿದ್ದ. ಅಪರೂಪಕ್ಕೆ ಬಾಯಿ ತೆರೆದ. "ನಮ್ಮವ್ವ ನನ್ನ ಹೊಟ್ಯಾಗ ಇಟಗೊಂಡು ಇದೇ ಮಡುವಿನ ಮೀನ ತಿಂದಾಳ."

"ಆಗ ಮಡುವಿನಾಗ ಯಾರೂ ಪುಣ್ಯಾ ಮಾಡಿದ್ದಿಲ್ಲ," ಎಂದಳು.

ಮರುದಿನ ಓಣಿಯ ಹಿರಿಯ ಗುರಣ್ಣನ ಬಲೆಗೆ ತೋಳುದ್ದದ ಬಾಳೆಮೀನು ಬಿತ್ತು. ಅಂಥದನ್ನು ಈಚೆಗೆ ಯಾರೂ ಕಂಡಿರಲಿಲ್ಲ. ಮುತ್ತಲ ಎಲೆ, ಅರಿಶಿನ. ಹಿಂದೆ ಓಣಿಯ ಹೆಂಗಸರು ಮಕ್ಕಳು. ಗುರಣ್ಣ ಅದನ್ನು ತಂದು ತುಳಜಾಬಾಯಿಯ ಹೊಸ್ತಿಲಿಗೆ ಇಟ್ಟ.

"ಕರಿಯವ್ವಾ ಮಗಳನ್ನ. ಸೆರಗ ಒಡ್ಡಲಿ."

ತುಳಜಾಬಾಯಿ ಹೊಸ್ತಿಲು ದಾಟಿ ಬಂದು ನಿಂತಳು. "ಕಾಕಾ, ಈ ಪಾಲ ನಮಗ ಬ್ಯಾಡ್ರಿ."

ಬಸುರಿ ಪಾಲನ್ನು ಬೇಡವೆಂದವರು ಆ ಓಣಿಯಲ್ಲಿ ಹುಟ್ಟಿರಲಿಲ್ಲ. ಹಿಂದಿನಿಂದ ಯಾರೋ ಹೆಂಗಸು, "ಒಂದು ಹೆಳವಂದು ಹುಟ್ಟೇದಲ್ಲ, ಸೊಕ್ಕು ಮಾತ್ರ ನೋಡು," ಎಂದಳು.

ಗುರಣ್ಣನ ಮುಖ ಕೆಂಪೇರಿತು. "ಬ್ಯಾಡ ಅಂದ್ರ ನನ್ನ ಬಲಿಗಿ ಶಾಪ ತುಳಜಾ. ನಿನ್ನ ಗಂಡನ ಬಲಿಗೂ. ಯಾವದೋ ಡಾಕ್ಟರಮ್ಮ ಅಂದ್ಳಂತ. ಆಕಿ ಹೊಳಿ ನೋಡ್ಯಾಳೇನು?"

ತುಳಜಾಬಾಯಿ ಒಳಗೆ ಹೋದಳು. ಯಲ್ಲಾಲಿಂಗನನ್ನು ಎತ್ತಿ ತಂದಳು. ಹೊಸ್ತಿಲ ಮೇಲೆ, ಮೀನಿನ ಮಗ್ಗುಲಲ್ಲಿ, ಅವನನ್ನು ಮಲಗಿಸಿದಳು. ಮೀನೂ ಕೂಸೂ ಹೆಚ್ಚುಕಡಿಮೆ ಒಂದೇ ಉದ್ದ ಕಂಡವು. ಕೂಸು ಬೆನ್ನು ಸೆಟೆಸಿ ಬಾಯಿ ಓರೆಮಾಡಿತು. ಕಣ್ಣು ಎತ್ತಲೋ ಇತ್ತು.

"ಇವನೂ ಬಸುರಿ ಪಾಲ ತಿಂದ ಕೂಸೇ ಕಾಕಾ. ನೀವ ಕೊಟ್ಟದ್ದು, ನಾ ತಿನ್ನಿಸಿದ್ದು. ನಿಮ್ಮದೂ ತಪ್ಪಿಲ್ಲ, ನಂದೂ ತಪ್ಪಿಲ್ಲ ಅಂತಾರ. ಹಂಗಾದ್ರ ಇವಂದೇನು ತಪ್ಪು, ಹೇಳ್ರಿ. ಹೇಳಿದ್ರ ಈಗ ಸೆರಗ ಒಡ್ಡಸ್ತೇನಿ."

ಗುರಣ್ಣ ಬಗ್ಗಿ ಮೀನನ್ನು ಎಲೆ ಸಮೇತ ಎತ್ತಿಕೊಂಡ. ಹೋಗುವಾಗ ಅವನ ಕಾಲು ಕೂಸಿಗೆ ತಾಗದ ಹಾಗೆ ಬದಿಗೆ ಸರಿದು ಹೋದ.

ಆ ದಿನದಿಂದ ಓಣಿಯವರು ಮಾರಲೆಂದು ಅವಳ ಬುಟ್ಟಿಗೆ ಮೀನು ಹಾಕುವುದನ್ನು ಬಿಟ್ಟರು. ಬಾವಿಯ ಕಟ್ಟೆಯಲ್ಲಿ ಅವಳು ಬಂದರೆ ಮಾತು ನಿಲ್ಲುತ್ತಿತ್ತು. ಹಣಮಂತ ಹೆಂಡತಿಗೆ ಹೌದು ಎನ್ನಲಿಲ್ಲ, ಅಲ್ಲ ಎನ್ನಲಿಲ್ಲ. ಮರುದಿನ ಬೆಳಗಿನಲ್ಲಿ ಬಲೆಯನ್ನು ಹೆಗಲಿಗೇರಿಸಿ, ಮಡುವಿನ ಕಡೆ ನೋಡದೆ, ಹೊಳೆಯ ಮೇಲ್ದಂಡೆ ಹಿಡಿದು ನಡೆದ. ನೀರು ಕಲ್ಲುಗಳ ನಡುವೆ ಹರಿಯುವ, ಬೆರಳುದ್ದದ ಮೀನಷ್ಟೇ ಸಿಗುವ ಜಾಗಕ್ಕೆ. ಮೂವತ್ತು ವರ್ಷದ ಸಂಸಾರದಲ್ಲಿ ಅವನು ಆಡಿದ ಅತಿ ಉದ್ದದ ಮಾತು ಅದೇ.

ಸುಭದ್ರಾಳಿಗೆ ಹೆಣ್ಣು ಕೂಸು ಹುಟ್ಟಿತು. ತುಳಜಾಬಾಯಿ ದಿನವೂ ಅದನ್ನು ಕವುಚಿ ಮಲಗಿಸಿ ಕಾಯುತ್ತಿದ್ದಳು. ಒಂದು ದಿನ ಅದು ತಲೆ ಎತ್ತಿತು. ನಡುಗುತ್ತಾ ನಿಂತಿತು ಆ ಕುತ್ತಿಗೆ. ಅಜ್ಜಿಯ ಬಳೆಯ ಸದ್ದಿನತ್ತ ಹೊರಳಿತು. ತುಳಜಾಬಾಯಿ ಗೋಡೆಗೆ ಒರಗಿ ಕೂತುಬಿಟ್ಟಳು. ಅಳಲಿಲ್ಲ. ಅಷ್ಟು ದಣಿದಿದ್ದಳು.

ಓಣಿಯವರು ಎಲ್ಲವ್ವನ ದಯೆ ಎಂದರು. ಇರಲಿ. ಅದು ಮೀನು ಬಿಟ್ಟಿದ್ದರಿಂದಲೋ, ಎಲ್ಲವ್ವನಿಂದಲೋ, ಸಾಬೀತು ಮಾಡುವ ಯಂತ್ರ ಬೆಂಗಳೂರಿನಲ್ಲಿದೆಯಲ್ಲ.

ಅವಳನ್ನು ಈಗ ಕೊರೆಯುವುದು ಬೇರೆಯೇ. ಅಂದು ಗುರಣ್ಣ ತಿರುಗಿ ಒಯ್ದ ಆ ತೋಳುದ್ದದ ಮೀನು ಹಾಳಾಗಲಿಲ್ಲ. ಬಸುರಿ ಪಾಲನ್ನು ಬಸುರಿಯೇ ತಿನ್ನಬೇಕು. ಗುರಣ್ಣನ ಸ್ವಂತ ಸೊಸೆಗೂ ಆಗ ಮೂರನೇ ತಿಂಗಳು. ಎಲ್ಲ ಪಾಲೂ ಆಮೇಲೆ ಆ ಹೊಸ್ತಿಲಿಗೇ ಹೋಯಿತು. ಆ ಕೂಸು ಈಗ ಮೂರು ವರ್ಷದ್ದು. ನಡೆಯುತ್ತದೆ. ಮಾತು ಬಂದಿಲ್ಲ. ಬಂದರೂ ಬರಬಹುದು, ತಡವಾಗಿ ಮಾತಾಡುವ ಕೂಸುಗಳೂ ಉಂಟು. ಆ ಮನೆಯ ಮುಂದೆ ಹಾಯುವಾಗಲೆಲ್ಲ ತುಳಜಾಬಾಯಿಯ ಹೆಜ್ಜೆ ನಿಧಾನವಾಗುತ್ತದೆ. ಕಿವಿಗೊಡುತ್ತಾಳೆ. ಏನೂ ಕೇಳಿಸದೆ ಮುಂದಕ್ಕೆ ನಡೆಯುತ್ತಾಳೆ.

ಇದು ತೊಂಬತ್ತೆರಡು. ಸಂತೆಯಲ್ಲಿ ಅವಳು ಇನ್ನೂ ಕೂಡುತ್ತಾಳೆ, ಹಣಮಂತ ತರುವ ಪುಡಿಮೀನಿನ ಮುಂದೆ. ಗಿರಾಕಿ ಬುಟ್ಟಿಗೆ ಬಗ್ಗಿದರೆ ಮೊದಲು ಕೇಳುತ್ತಾಳೆ, "ಮನ್ಯಾಗ ಬಸುರಿ ಅದಾರೇನ್ರಿ? ಇದ್ರ ಮಡುವಿನ ದೊಡ್ಡ ಮೀನ ಯಾರ ಹತ್ರಾನೂ ಒಯ್ಯಬ್ಯಾಡ್ರಿ." ಕೆಲವರು ನಗುತ್ತಾರೆ. ಕೆಲವರು ಎದ್ದು, ಎದುರಿನ ಸಾಲಿನಲ್ಲಿ ದೊಡ್ಡ ಮೀನು ಕೊಂಡು, ಅವಳ ಮುಂದೆಯೇ ಹಾಯ್ದು ಹೋಗುತ್ತಾರೆ.

"ಯಾಕ ಬಾಯಿ ಸವಸ್ತೀ ತುಳಜಕ್ಕಾ," ಎನ್ನುತ್ತಾಳೆ ಫಕ್ರುನ್ನಿಸಾ. "ಹಿಂಗ ಮಾರಿದ್ರ ನಿನ್ನ ಮೀನ ನೀನೇ ತಿನಬೇಕ."

"ತಿಂತೇನಿ ಬೇ. ನನಗೇನು ಈ ವಯಸ್ಸಿನಾಗ ಹೊಟ್ಟಿ ಬರ್ತದೇನು?"

ಫಕ್ರುನ್ನಿಸಾ ನಗುತ್ತಾಳೆ. ಆಮೇಲೆ ತನ್ನ ಉಳ್ಳಾಗಡ್ಡಿಯ ಗಿರಾಕಿಗಳಿಗೂ ಅದೇ ಮಾತು ಹೇಳುತ್ತಾಳೆ, ಉರ್ದುವಿನಲ್ಲಿ ಒಮ್ಮೆ, ಕನ್ನಡದಲ್ಲಿ ಒಮ್ಮೆ.

ಈ ಬರಹ ಮೀನುಗಾರರಿಗಲ್ಲ. ಅವರಲ್ಲಿ ಓದುಬಲ್ಲವರು ಕಡಿಮೆ. ಇದು ನಿಮಗೆ. ಆಳಂದ, ಜೇವರ್ಗಿ, ಅಫಜಲಪುರದಲ್ಲಿ ಹೊಲ ಇಟ್ಟುಕೊಂಡು, ಪತ್ರಿಕೆ ತರಿಸಿ, ಕಟ್ಟೆಯ ಮೇಲೆ ಕೂತು ಓದುತ್ತಿರುವ ನಿಮಗೆ. "ಎಲ್ಲಿ ಇಡ್ಲಿ" ಎಂದು ದೌಲತರಾಯ ಸಾವಕಾರರು ಕೇಳಿದ ಪ್ರಶ್ನೆಯನ್ನು ತುಳಜಾಬಾಯಿಯ ತಲೆಗೆ ಕಟ್ಟಬೇಡಿ. ಓದುವುದನ್ನು ನಿಲ್ಲಿಸಿ, ಏಳಿ, ಬೀಜದ ಕೋಣೆಯ ಬಾಗಿಲು ತೆರೆಯಿರಿ. ಅಲ್ಲಿ ಗುಲಾಬಿ ಜೋಳದ ಚೀಲವಿದ್ದರೆ ಹೊಳೆಯ ದಾರಿ ಹಿಡಿಯಬೇಡಿ. ಬಂಡಿ ಹೂಡಿ, ಅದನ್ನು ಮಾರಿದವನ ಅಂಗಡಿಗೆ ಒಯ್ಯಿರಿ. ಅವನು ತಗೊಳ್ಳುವುದಿಲ್ಲ ಅಂದರೆ ಅವನ ಕಟ್ಟೆಯ ಮೇಲೆ ಚೀಲದ ಪಕ್ಕದಲ್ಲಿ ಕೂಡಿರಿ, ಅವನು ತಗೊಳ್ಳುವವರೆಗೂ ಏಳಬೇಡಿ.